ವೈವಾ ಮುಗಿಯಿತು, ಈಗ ಋಣದ ಲೆಕ್ಕ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಮುಗಿಯಿತು. ವಿಷಯ ಸಂಖ್ಯಾ ಸಿದ್ಧಾಂತ, ಅಂದರೆ ಪೂರ್ಣಾಂಕಗಳ ಗಣಿತ. ನ್ಯೂಮರಾಲಜಿ ಅಲ್ಲ. ಮಗುವಿಗೆ ಯಾವ ಅಕ್ಷರದ ಹೆಸರಿಡಬೇಕು ಅಂತ ಕೇಳಿ ಈಗಾಗಲೇ ಫೋನ್ ಬಂದಿದೆ, ಅದಕ್ಕೇ ಹೇಳುತ್ತಿದ್ದೇನೆ. ಮಂಡ್ಯದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾ, ಐವತ್ತರ ಹತ್ತಿರ ಬಂದು ಮುಗಿಸಿದ ಕೆಲಸ ಇದು.

ಶುಭಾಶಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಒಂದು ಮಾತು ಮಾತ್ರ ಮತ್ತೆ ಮತ್ತೆ ಕಿವಿಗೆ ಬಿತ್ತು. "ಮನೆನೂ ನೋಡ್ಕೊಂಡು, ಕೆಲಸನೂ ಮಾಡ್ಕೊಂಡು, ಪಿಎಚ್‌ಡಿನೂ ಮುಗಿಸಿದ್ರಲ್ಲ ಮೇಡಂ!" ಪ್ರೀತಿಯಿಂದ ಹೇಳಿದ್ದೇ, ಗೊತ್ತು. ಆದರೆ ನಿಜ ಅಲ್ಲ. ಮನೆಯನ್ನು ನಾನು ನೋಡಿಕೊಳ್ಳಲಿಲ್ಲ. ಬೇರೆಯವರು ನೋಡಿಕೊಂಡರು. ಅವರಿಗೆ ಈ ಬರಹ.

ಮೊದಲು ನಮ್ಮತ್ತೆ. ಎಪ್ಪತ್ತು ದಾಟಿದವರು, ಓದಿದ್ದು ನಾಲ್ಕನೇ ಕ್ಲಾಸು. ನಾನು ರಿಜಿಸ್ಟರ್ ಮಾಡಿಸಿದಾಗ "ಈ ವಯಸ್ಸಲ್ಲಿ ಯಾಕವ್ವ ಇದೆಲ್ಲ?" ಅಂದಿದ್ದರು. ಆಮೇಲೆ ಒಂದು ದಿನ ಬೆಳಗಿನ ಅಡುಗೆ ಪೂರ್ತಿ ಅವರೇ ವಹಿಸಿಕೊಂಡರು. ಯಾಕತ್ತೆ ಅಂದರೆ, "ನೀನು ಅದ್ನೇ ಯೋಚ್ನೆ ಮಾಡ್ಕಂಡು ಸಾರಿಗೆ ಎರಡ್ಸಲ ಉಪ್ಪು ಹಾಕ್ತೀಯ" ಅಂತ. ಅಡುಗೆ ಬಿಡಿ, ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಹಬ್ಬದ ದಿನ ಸೊಸೆ ಬಾಗಿಲು ಹಾಕಿಕೊಂಡು ಕೂತರೆ ನೆಂಟರ ಮಾತಿಗೆ ಉತ್ತರ ಕೊಡಬೇಕಾದವರು ಅತ್ತೆ. "ಅವಳು ಓದ್ತಾವಳೆ, ಆಮೇಲೆ ಬತ್ತಾಳೆ, ನೀವು ಊಟ ಮಾಡಿ" ಅಂತ ಹೇಳಿ ಸುಮ್ಮನಾಗಿಸುತ್ತಿದ್ದರು. ಆ ಒಂದು ವಾಕ್ಯ ಎಷ್ಟು ಜನ ಸೊಸೆಯಂದಿರಿಗೆ ಸಿಗುತ್ತೆ ಹೇಳಿ?

ಮನೆಯವರ ಬಗ್ಗೆ ಜಾಸ್ತಿ ಬರೆಯಲ್ಲ. ಹೆಂಡತಿಯನ್ನು ಓದಲು ಬಿಟ್ಟ ಗಂಡನನ್ನು ಹೊಗಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಥ್ಯಾಂಕ್ಸ್ ರೀ.

ಸ್ಟಾಫ್ ರೂಮಿನ ಋಣ ಬೇರೆ ಥರದ್ದು. ಗಣಿತಕ್ಕೆ ಅಲ್ಲಿ ಕಾಲು ಗಂಟೆ, ಇಲ್ಲಿ ಅರ್ಧ ಗಂಟೆ ಸಾಲದು. ಒಂದು ಪ್ರೂಫಿನ ಎಳೆ ಕೈಗೆ ಸಿಗೋಕೇ ಗಂಟೆ ಹಿಡಿಯುತ್ತೆ. ಸಿಕ್ಕಿತು ಅನ್ನುವಾಗ ಬೆಲ್ ಹೊಡೆದರೆ ಮುಗೀತು, ನಾಳೆ ಮತ್ತೆ ಮೊದಲಿಂದ. ಇದನ್ನು ಹೇಳಿಕೊಂಡಾಗ ನಮ್ಮ ಕೆಮಿಸ್ಟ್ರಿ ಮೇಡಂ ಟೈಮ್ ಟೇಬಲ್ ತರಿಸಿ, ತಮ್ಮ ಲ್ಯಾಬ್ ಅವಧಿಯನ್ನೇ ಆಚೆ ಈಚೆ ಮಾಡಿ ನನಗೆ ಗುರುವಾರ ಮಧ್ಯಾಹ್ನ ಪೂರ್ತಿ ಬಿಡಿಸಿಕೊಟ್ಟರು. ನನ್ನ ಪರೀಕ್ಷಾ ಡ್ಯೂಟಿಗಳನ್ನು ಯಾರ್ಯಾರೋ ಹಂಚಿಕೊಂಡರು. ಥೀಸಿಸ್‌ನ ಮೂರನೇ ಅಧ್ಯಾಯ ಹುಟ್ಟಿದ್ದು ಆ ಗುರುವಾರಗಳಲ್ಲೇ.

ನನ್ನ ಗೈಡ್ ನನಗಿಂತ ಚಿಕ್ಕವರು. ಮೇಡಂ ಅಂತಲೇ ಕರೆದರು. ಪ್ರೂಫ್ ಸೋರುತ್ತಿದ್ದರೆ ಮಾತ್ರ ಮುಲಾಜಿಲ್ಲದೆ ಗೀಟು ಎಳೆದರು. ಎರಡಕ್ಕೂ ಧನ್ಯವಾದ. ಅವರು ಮೊದಲ ವರ್ಷ ಓದಲು ಕೊಟ್ಟ ಪೇಪರ್‌ಗಳ ಕಟ್ಟಿನಲ್ಲಿ ಗಣಿತಜ್ಞೆ ಮಂಗಳಾ ನಾರ್ಳೀಕರ್ ಅವರದೂ ಇತ್ತು. ನಾನು ಮುಖ ನೋಡದ, ಇನ್ನು ನೋಡಲಾಗದ ಒಬ್ಬರಿಗೆ ಇಲ್ಲಿ ಥ್ಯಾಂಕ್ಸ್ ಹೇಳುತ್ತಿರುವುದು ಅದಕ್ಕೇ.

ಮಂಗಳಾ ಅವರ ಕೆಲಸ ಜರಡಿ ಹಿಡಿದ ಸಂಖ್ಯೆಗಳ ಮೇಲೆ. ಏನಪ್ಪಾ ಇದು ಅನ್ನುವವರು ಒಂದರಿಂದ ನೂರರವರೆಗೆ ಬರೆದುಕೊಳ್ಳಿ. 4, 9, 25, 49, ಇವುಗಳಿಂದ ಭಾಗವಾಗುವುದನ್ನೆಲ್ಲ ಹೊಡೆದು ಹಾಕಿ. 61 ಸಂಖ್ಯೆಗಳು ಉಳಿಯುತ್ತವೆ. ಇನ್ನೂ ದೊಡ್ಡ ವರ್ಗಗಳನ್ನೂ ಸೇರಿಸಿಕೊಂಡು ಸಾವಿರದವರೆಗೆ ಹೀಗೇ ಮಾಡಿದರೆ 608. ಮುಂದೆ ಹೋದಷ್ಟೂ ಹೀಗೆ ಉಳಿಯುವ ಸಂಖ್ಯೆಗಳ ಪಾಲು 6ನ್ನು ಪೈ ವರ್ಗದಿಂದ ಭಾಗಿಸಿದಾಗ ಬರುವ 0.6079ರ ಹತ್ತಿರ ಬಂದು ನಿಲ್ಲುತ್ತದೆ. ವೃತ್ತವೇ ಇಲ್ಲದ ಕಡೆ ಪೈ ಬಂದು ಕೂರುತ್ತದಲ್ಲ, ನನ್ನನ್ನು ಹಿಡಿದು ಹಾಕಿದ್ದೇ ಅದು. ಉಳಿದ ಸಂಖ್ಯೆಗಳ ನಡುವೆ ಎಷ್ಟು ದೊಡ್ಡ ಖಾಲಿ ಜಾಗ ಬರಬಹುದು ಎಂಬುದು ಕಷ್ಟದ ಪ್ರಶ್ನೆ. ನನ್ನ ಥೀಸಿಸ್ ಅದರ ಒಂದು ಸಣ್ಣ ಮೂಲೆಯಲ್ಲಿದೆ.

ಮಂಗಳಾ ಅವರು 1964ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಎಂ.ಎ. ಗಣಿತದಲ್ಲಿ ಮೊದಲ ಸ್ಥಾನ ಪಡೆದು ಚಿನ್ನದ ಪದಕ ತೆಗೆದುಕೊಂಡವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಅಂದರೆ ಟಿಐಎಫ್‌ಆರ್‌ನಲ್ಲಿ, ಸಂಶೋಧನೆ ಶುರು ಮಾಡಿದರು. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಅವರನ್ನು ಮದುವೆಯಾಗಿ ಕೇಂಬ್ರಿಡ್ಜ್‌ಗೆ ಹೋದರು, ಅಲ್ಲಿ ಪಾಠ ಮಾಡಿದರು. ಮೂವರು ಹೆಣ್ಣುಮಕ್ಕಳು. ಒಬ್ಬರ ಹೆಸರು ಲೀಲಾವತಿ, ಭಾಸ್ಕರಾಚಾರ್ಯರ ಗಣಿತ ಗ್ರಂಥದ ಹೆಸರೇ. ಗಣಿತದವರ ಮನೆ ಅಲ್ವಾ! ವಾಪಸ್ ಬಂದ ಮೇಲೆ 1974ರಲ್ಲಿ ಮತ್ತೆ ಅದೇ ಟಿಐಎಫ್‌ಆರ್ ಸೇರಿದರು. ಪಿಎಚ್‌ಡಿ ಬಂದದ್ದು 1981ರಲ್ಲಿ, ಮದುವೆಯಾಗಿ 16 ವರ್ಷದ ಮೇಲೆ. ತಮ್ಮ ಪೀಳಿಗೆಯ ಓದಿದ ಹೆಂಗಸರ ಹಾಗೆ ತಮಗೂ ಮನೆಯೇ ಮೊದಲಾಯಿತು, ಕೆಲಸ ಆಮೇಲೆ ಎಂದು ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ.

ಇದನ್ನು ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಚಿನ್ನದ ಪದಕದವರಿಗೇ ಇಷ್ಟು ವರ್ಷ ಬೇಕಾಯಿತಾ ಅಂತ. ನಾನೂ ಮಗಳು ಹುಟ್ಟಿದ ಮೇಲೆ ಒಮ್ಮೆ ಸಂಶೋಧನೆ ಬಿಟ್ಟವಳೇ. ಒಂದು ಇಂಟರ್‌ವ್ಯೂನಲ್ಲಿ "ನಡುವೆ ಇಷ್ಟು ವರ್ಷ ಏನು ಮಾಡ್ತಿದ್ರಿ?" ಅಂತ ಕೇಳಿದಾಗ ಬಾಯಿ ಒಣಗಿತ್ತು. ಮಂಗಳಾ ಅವರ ಆ ಸೀದಾ ಮಾತು ಓದಿದ ಮೇಲೆ ನನ್ನ ಬಯೋಡೇಟಾದ ಖಾಲಿ ವರ್ಷಗಳಿಗೆ ಬಣ್ಣ ಹಚ್ಚುವುದು ಬಿಟ್ಟೆ. ಅವರಿಗೆ ನನ್ನ ಥ್ಯಾಂಕ್ಸ್ ಗಣಿತಕ್ಕಷ್ಟೇ ಅಲ್ಲ, ಇದಕ್ಕೂ.

ಅವರ ಗೈಡ್ ಯಾರು ಗೊತ್ತಾ? ನಮ್ಮ ಮಂಡ್ಯದಲ್ಲೇ ಹುಟ್ಟಿದ ಕೆ. ರಾಮಚಂದ್ರ. ಮಂಡ್ಯ ಅಂದರೆ ಸಕ್ಕರೆ, ಕಾವೇರಿ, ರಾಜಕೀಯ. ಒಬ್ಬ ಗಣಿತಜ್ಞನ ಹೆಸರು ಯಾರೂ ಎತ್ತಲ್ಲ. 1933ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮಿನರ್ವಾ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಆಮೇಲೆ ಟಿಐಎಫ್‌ಆರ್ ಸೇರಿದರು. 1978ರಲ್ಲಿ ಗಣಿತಜ್ಞ ಆರ್. ಬಾಲಸುಬ್ರಮಣಿಯನ್ ಅವರ ಜೊತೆ ಹಾರ್ಡಿ-ರಾಮಾನುಜನ್ ಜರ್ನಲ್ ಅನ್ನುವ ಗಣಿತ ಪತ್ರಿಕೆ ಶುರು ಮಾಡಿದರು. 1980ರಲ್ಲಿ ಮಂಗಳಾ ಅವರ ಪೇಪರ್ ಅದರಲ್ಲೇ ಬಂತು. ಈ ಸಾಲಿನ ತೀರಾ ಕೊನೆಯಲ್ಲಿ, ಅದೇ ಮಂಡ್ಯದಲ್ಲಿ ಕೂತು ನಾನು ಅದನ್ನು ಓದಿದೆ ಅನ್ನುವುದು ನನಗೆ ಸಣ್ಣ ಹೆಮ್ಮೆ.

ಆಮೇಲಿನ ವರ್ಷಗಳಲ್ಲಿ ಮಂಗಳಾ ಅವರು ಪುಣೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, ಮಕ್ಕಳಿಗಾಗಿ ಮರಾಠಿಯಲ್ಲಿ ಗಣಿತ ಬರೆದರು. ಮಹಾರಾಷ್ಟ್ರದ ಶಾಲಾ ಪಠ್ಯದ ಗಣಿತ ಸಮಿತಿಯಲ್ಲಿದ್ದರು. 2019ರಲ್ಲಿ ಎರಡನೇ ತರಗತಿ ಪುಸ್ತಕದಲ್ಲಿ 21ನ್ನು ಹತ್ತರ ಸ್ಥಾನದಿಂದ ಶುರು ಮಾಡಿ ಓದಿಸುವ ಕ್ರಮ ತಂದಾಗ ದೊಡ್ಡ ಗಲಾಟೆಯೇ ಆಯಿತು. ಮರಾಠಿಯಲ್ಲಿ ಸಂಖ್ಯೆ ಹೇಳುವಾಗ ಬಿಡಿ ಸ್ಥಾನ ಮೊದಲು, ಹತ್ತರ ಸ್ಥಾನ ಆಮೇಲೆ. ಅದಕ್ಕೇ ಸಣ್ಣ ಮಕ್ಕಳು ಅಂಕಿ ತಿರುಗಿಸಿ ಬರೆಯುತ್ತವೆ. ಕನ್ನಡದ ಮಕ್ಕಳಿಗೆ ಈ ತಾಪತ್ರಯ ಇಲ್ಲ. ವಯಸ್ಸು 75 ದಾಟಿದ ಮೇಲೂ ಟಿವಿ, ಪೇಪರಿನವರಿಗೆ ತಾಳ್ಮೆಯಿಂದ ಉತ್ತರ ಕೊಟ್ಟರು. 2023ರ ಜುಲೈನಲ್ಲಿ ಪುಣೆಯಲ್ಲಿ ತೀರಿಕೊಂಡರು. ಬಹಳ ಕಡೆ ಸುದ್ದಿಯ ತಲೆಬರಹದಲ್ಲಿ ಗಂಡನ ಹೆಸರೂ ಇತ್ತು. ಇರಲಿ ಬಿಡಿ ಅನ್ನಲು ನನಗೆ ಇನ್ನೂ ಮನಸ್ಸಿಲ್ಲ.

ಇನ್ನು ಉಳಿದವರು. ಹಳೇ ಜರ್ನಲ್ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಲೈಬ್ರರಿಯವರು. ಗಣಿತ ಟೈಪ್ ಮಾಡುವ ಸಾಫ್ಟ್‌ವೇರ್ ಲೇಟೆಕ್ ಕೈಕೊಟ್ಟಾಗೆಲ್ಲ ರಾತ್ರಿ ಫೋನ್ ಎತ್ತಿದ ನನ್ನ ಹಳೇ ವಿದ್ಯಾರ್ಥಿ. "ಅಮ್ಮ ಇವತ್ತು ಜರಡಿ ಮೂಡಲ್ಲಿದ್ದಾಳೆ" ಅಂತ ಅಪ್ಪನನ್ನು ಎಚ್ಚರಿಸುತ್ತಿದ್ದ ಮಗಳು. ನಿಮಗೆಲ್ಲ ನನ್ನ ನಮಸ್ಕಾರ.

ಥೀಸಿಸ್ ಪಿಡಿಎಫ್ ಬೇಕಾದವರು ಕೇಳಿ, ಕಳಿಸುತ್ತೇನೆ. ಸ್ಟಾಫ್ ರೂಮಿನವರ ಬಾಡೂಟದ ಬೇಡಿಕೆ ಒಪ್ಪಿದೆ. ದಿನ ನೀವೇ ಗೊತ್ತು ಮಾಡಿ, ಸೋಮವಾರ, ಶನಿವಾರ ಮಾತ್ರ ಬೇಡ. ನಮ್ಮತ್ತೆ ಆ ಎರಡು ದಿನ ತಿನ್ನಲ್ಲ, ಅವರನ್ನು ಬಿಟ್ಟು ಈ ಊಟ ಹಾಕಲ್ಲ.