ಮೊದಲು ಕೊಕ್ಕೆ ಹಾಕು

ಪುಟ್ಟಿ,

ಈ ಪತ್ರ ನಿನ್ನ ಕೈಗೆ ಸಿಗುವ ಹೊತ್ತಿಗೆ ನಿಮ್ಮ ಹಾಯಿ ಹಡಗು ಮೊದಲ ಬಂದರು ಮುಟ್ಟಿರುತ್ತದೆ. ಸಮುದ್ರದಲ್ಲಿ ಸಿಗ್ನಲ್ ಇರಲ್ಲ, ಫೋನನ್ನೂ ತೆಗೆದಿಟ್ಟುಕೊಳ್ಳುತ್ತಾರೆ ಎಂದು ನೀನೇ ಹೇಳಿದ್ದೆ. ಅದಕ್ಕೇ ಕಾಗದ. ಹೊರಡುವ ಹಿಂದಿನ ರಾತ್ರಿ ನಡೆದದ್ದನ್ನು ಮತ್ತೆ ಎತ್ತುವುದಿಲ್ಲ. ನೀನೂ ಇದ್ದೆ, ನಾನೂ ಇದ್ದೆ. ಬೆಳಗ್ಗೆ ಅಮ್ಮ ಬಾಗಿಲಿಗೆ ಬರಲಿಲ್ಲ ಎಂಬ ಬೇಜಾರು ನಿನಗಿದ್ದರೆ, ಕಿಟಕಿಯಲ್ಲಿ ನಿಂತಿದ್ದೆ ಕಣೇ. ನೀನು ತಿರುಗಿ ನೋಡಲಿಲ್ಲ.

ಈಗ ಆ ಹಗ್ಗದ ಏಣಿಯ ವಿಷಯಕ್ಕೆ ಬರುತ್ತೇನೆ.

‘ಕಂಬ ಹತ್ತುವಾಗ ಮೈಗೆ ಕಟ್ಟಿದ ಹಾರ್ನೆಸ್ ಪಟ್ಟಿಯ ಕೊಕ್ಕೆ ಹಾಕಿರಲ್ಲಮ್ಮ, ಮೇಲೆ ಹಾಯಿ ಕಟ್ಟಿದ ಅಡ್ಡಮರಕ್ಕೆ ತಲುಪಿದ ಮೇಲೇ ಹಾಕೋದು’ ಎಂದು ನಗುತ್ತಾ ಹೇಳಿದೆಯಲ್ಲ, ಅವತ್ತಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ನಿಜವಾ ಎಂದು ಹುಡುಕಿ ನೋಡಿದೆ. ಎಷ್ಟೋ ಹಾಯಿ ಹಡಗುಗಳಲ್ಲಿ ಹಿಂದಿನಿಂದಲೂ ಹಾಗೇ ಅಂತೆ. ಕೆಲವು ಹಡಗುಗಳಲ್ಲಿ ಮಾತ್ರ ಈಗ ಹತ್ತುವ ದಾರಿಯುದ್ದಕ್ಕೂ ಸುರಕ್ಷತೆಯ ಹಗ್ಗ ಬಿಟ್ಟಿರುತ್ತಾರೆ, ಕೆಳಗಿನಿಂದಲೇ ಅದಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು ಹತ್ತಬಹುದು. ನಿಮ್ಮದರಲ್ಲಿ ಇದೆಯಾ ಕೇಳು. ನಾಚಿಕೆ ಪಡಬೇಡ. ಕೇಳಿದ್ದಕ್ಕೆ ಯಾರಾದರೂ ನಕ್ಕರೆ, ನಮ್ಮಮ್ಮ ಕೇಳೋಕೆ ಹೇಳಿದ್ದಾರೆ ಅನ್ನು.

ಇಲ್ಲ ಅಂದರೆ, ಗಾಳಿ ಬೀಸಿ ಬರುವ ಕಡೆಯಿಂದಲೇ ಹತ್ತು. ಆಗ ಗಾಳಿ ನಿನ್ನನ್ನು ಹಗ್ಗಕ್ಕೆ ಒತ್ತುತ್ತದೆ. ಇನ್ನೊಂದು ಕಡೆಯಿಂದ ಹತ್ತಿದರೆ ಹೊರಗೆ ತಳ್ಳುತ್ತದೆ. ಕೈಯಲ್ಲಿ ಉದ್ದದ ದಪ್ಪ ಹಗ್ಗವನ್ನೇ ಹಿಡಿ. ಕಾಲಿಡುವ ಅಡ್ಡ ಹಗ್ಗಗಳು ಹಳತಾದರೆ ಕಿತ್ತುಬರುತ್ತವೆ, ಅವನ್ನು ನಂಬಿ ಕೈ ಹಿಡಿಯಬೇಡ. ಇದನ್ನೆಲ್ಲ ನಿನಗೆ ಮೊದಲ ದಿನವೇ ಕಲಿಸಿರುತ್ತಾರೆ, ಗೊತ್ತು. ಆದರೂ ಬರೆಯುತ್ತೇನೆ.

ಆಮೇಲೆ ಮೇಲಿನ ಕಥೆ. ಅಡ್ಡಮರದ ಕೆಳಗೆ ಜೋತುಬಿದ್ದ ಒಂದೇ ಹಗ್ಗದ ಮೇಲೆ ಸಾಲಾಗಿ ನಿಂತು, ಮರದ ಮೇಲೆ ಹೊಟ್ಟೆ ಊರಿ ಹಾಯಿ ಮಡಚುತ್ತೀರಂತೆ. ಹೊಸಬರು ಒಬ್ಬರು ಕಾಲಿಟ್ಟರೆ ಆ ಹಗ್ಗ ಜಗ್ಗಿ, ಮೊದಲೇ ನಿಂತವರ ಕಾಲೂ ಅಲುಗಾಡುತ್ತದೆ. ಅದಕ್ಕೇ ‘ಕಾಲಿಡ್ತಿದ್ದೀನಿ’ ಎಂದು ಕೂಗಿ ಹೇಳಿಯೇ ಕಾಲಿಡಬೇಕಂತೆ. ನೀನು ಕೂಗುತ್ತೀಯಾ? ಮನೆಯಲ್ಲಿ ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೂ ಬಾಯಿ ಬಿಡುವವಳಲ್ಲ. ಅಲ್ಲಿ ಕೂಗು. ಗಟ್ಟಿಯಾಗಿ ಕೂಗು. ಇನ್ನೊಬ್ಬರು ಕೂಗಿದಾಗ ಮರ ಬಿಗಿಯಾಗಿ ಹಿಡಿದುಕೋ.

ಕೊಕ್ಕೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸುವ ಆ ಒಂದು ಕ್ಷಣ ಇದೆಯಲ್ಲ, ನನಗೆ ಭಯ ಅದೊಂದರದ್ದೇ. ನಿನ್ನ ಹಾರ್ನೆಸ್‌ಗೆ ಎರಡು ಕೊಕ್ಕೆ ಇದ್ದರೆ, ಎರಡನೆಯದು ಕಚ್ಚಿಕೊಂಡ ಶಬ್ದ ಕಿವಿಗೆ ಬಿದ್ದ ಮೇಲೆ ಮೊದಲನೆಯದನ್ನು ಬಿಡು. ಒಂದೇ ಇದ್ದರೆ, ಬಿಡುವ ಮೊದಲು ಇನ್ನೊಂದು ಕೈಯಲ್ಲಿ ಏನು ಹಿಡಿದಿದ್ದೀಯ ಎಂದು ಕಣ್ಣಿಂದ ನೋಡಿಕೋ. ಕೆಲಸ ಮುಗಿದು ಇಳಿಯುವಾಗ ಜಾಸ್ತಿ ಹುಷಾರು. ಆಗಲೇ ಮೈಮರೆಯೋದು.

ಅಪ್ಪ ಹಿಂದೆ ನಿಂತು ಇದನ್ನು ಓದಿ, ‘ಅವಳು ಕಂಬದ ಮೇಲೇ ಸಂಸಾರ ಮಾಡೋಕೆ ಹೋಗಿಲ್ಲ, ಬೇರೆ ಏನಾದರೂ ಬರಿ’ ಅಂದರು. ಸರಿ, ಬೇರೆ ಬರೆಯುತ್ತೇನೆ.

ಪಾಳಿ ಹೇಗಿದೆ? ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಸಂಜೆ 4ರಿಂದ 8ರವರೆಗಿನ ಪಾಳಿಯನ್ನು ಮಾತ್ರ ಎರಡೆರಡು ಗಂಟೆಯ ಎರಡು ತುಂಡು ಮಾಡುತ್ತಾರೆ ಎಂದೆಯಲ್ಲ. ಯಾಕೆ ಎಂದು ಆಗ ಅರ್ಥವಾಗಿರಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಹಾಗೆ ಮಾಡಿದರೆ ದಿನಕ್ಕೆ ಏಳು ಪಾಳಿಯಾಗುತ್ತದೆ, ಮೂರು ಗುಂಪಿಗೆ ಸಮನಾಗಿ ಹಂಚಲು ಬರುವುದಿಲ್ಲ. ಹಾಗಾಗಿ ನಡುರಾತ್ರಿಯಿಂದ ನಾಲ್ಕರವರೆಗಿನ ಕಷ್ಟದ ಪಾಳಿ ದಿನವೂ ಒಂದೇ ಗುಂಪಿನ ತಲೆಗೆ ಬೀಳುವುದಿಲ್ಲ. ಯಾರೋ ನ್ಯಾಯವಂತರು ಮಾಡಿದ ಲೆಕ್ಕ. ಖುಷಿಯಾಯಿತು.

ಬೆಳಗ್ಗೆ ಎಂಟಕ್ಕೆ ಎಬ್ಬಿಸಿದರೆ ದಿಂಬಿನಡಿ ತಲೆ ತೂರಿಸುವ ನೀನು ನಡುರಾತ್ರಿ ಎದ್ದು ಚುಕ್ಕಾಣಿ ಹಿಡಿಯುತ್ತೀಯ! ದಿಕ್ಸೂಚಿ ನೋಡುತ್ತಾ ಅಷ್ಟು ದೊಡ್ಡ ಹಡಗನ್ನು ನಡೆಸುತ್ತೀಯ. ಇದನ್ನು ಎಲ್ಲರಿಗೂ ಹೇಳಿದ್ದೇನೆ. ಫೋನಿನಲ್ಲಿ, ಕೇಳದವರಿಗೂ. ನಿನ್ನೆದುರು ಮಾತ್ರ ಹೇಳಿರಲಿಲ್ಲ ಅಲ್ವಾ?

ವಾಂತಿಯ ವಿಷಯ. ಕಣ್ಣು ಒಂದು ಹೇಳುತ್ತದೆ, ಕಿವಿಯ ಒಳಗಿನ ಸಮತೋಲನದ ಭಾಗ ಇನ್ನೊಂದು ಹೇಳುತ್ತದೆ, ಮಿದುಳಿಗೆ ಗೊಂದಲವಾಗಿ ಹೊಟ್ಟೆ ತೊಳಸುತ್ತದೆ. ಒಳಗೆ ಬಂಕಿನಲ್ಲಿ ಮುದುಡಿಕೊಂಡು ಪುಸ್ತಕ ಓದಬೇಡ. ಡೆಕ್ ಮೇಲೆ ಬಂದು ಸಮುದ್ರ ಆಕಾಶ ಸೇರುವ ದೂರದ ಅಂಚನ್ನು ನೋಡು. ಚುಕ್ಕಾಣಿ ಕೊಟ್ಟರೆ ಇನ್ನೂ ಒಳ್ಳೆಯದು. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಗುಟುಕು ಗುಟುಕಾಗಿ ನೀರು ಕುಡಿಯುತ್ತಿರು. ವಾಂತಿ ಬಂದರೆ ಗಾಳಿ ಹೋಗುವ ಕಡೆಯ ಅಂಚಿಗೆ ಹೋಗು, ಎದುರು ಗಾಳಿಗಲ್ಲ. ಆದರೆ ಬಗ್ಗುವ ಮೊದಲು ಕೊಕ್ಕೆ ಹಾಕು. ತಲೆ ಸುತ್ತುವವರು ಅಂಚಿಗೆ ಬಗ್ಗುವುದಕ್ಕಿಂತ ಅಪಾಯ ಇನ್ನೊಂದಿಲ್ಲ.

ನೋಡು, ಮತ್ತೆ ಅಲ್ಲಿಗೇ ಬಂದೆ.

ಯಾಕೆ ಗೊತ್ತಾ? 6 ನಾಟ್ ವೇಗ, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್, ಏನೋ ನಿಧಾನ ಅನಿಸುತ್ತದೆ. ಅದೇ ವೇಗದಲ್ಲಿ ಹಡಗು ಒಂದು ನಿಮಿಷಕ್ಕೆ 185 ಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಹಾಯಿ ಹಡಗಿಗೆ ಬ್ರೇಕ್ ಇಲ್ಲ. ಹಾಯಿ ಇಳಿಸಬೇಕು, ತಿರುಗಿಸಬೇಕು. ಒಬ್ಬರು ನೀರಿಗೆ ಬಿದ್ದರೆ ಇನ್ನೊಬ್ಬರು ಬೇರೆ ಯಾವ ಕೆಲಸವನ್ನೂ ಮಾಡದೆ, ಬಿದ್ದವರ ಕಡೆ ಬೆರಳು ತೋರಿಸುತ್ತಾ ನೋಡುತ್ತಲೇ ನಿಲ್ಲಬೇಕು, ಕಣ್ಣು ಆಚೀಚೆ ಸರಿಸುವ ಹಾಗಿಲ್ಲ. ಅಲೆಗಳ ನಡುವೆ ಒಂದು ತಲೆ ಅಷ್ಟು ಬೇಗ ಕಾಣದಾಗುತ್ತದೆ. ಆ ಕೆಲಸ ನಿನಗೆ ಕೊಟ್ಟರೆ ಕಣ್ಣು ತೆಗೆಯಬೇಡ.

ರಾತ್ರಿ ಕೂತು ಪಾಮಿರ್ ಎಂಬ ಹಾಯಿ ಹಡಗಿನ ಬಗ್ಗೆ ಓದುತ್ತಿದ್ದೆ. ಅಪ್ಪ ಬಂದು ಕಂಪ್ಯೂಟರ್ ಮುಚ್ಚಿದರು. ಅಷ್ಟರಲ್ಲಿ ಓದಿ ಆಗಿತ್ತು. 1957, ಚಂಡಮಾರುತ, ಹಡಗಿನಲ್ಲಿ 86 ಜನ, ಬದುಕಿದವರು 6. ಅದು ಬಾರ್ಲಿ ತುಂಬಿಕೊಂಡು ಬರುತ್ತಿದ್ದ ಸರಕಿನ ಹಡಗು, ಕಾಳು ಒಂದು ಕಡೆಗೆ ಜರುಗಿತು. ನಿಮ್ಮದರಲ್ಲಿ ಸರಕಿಲ್ಲ. ಅಷ್ಟು ಸಮಾಧಾನ ಮಾಡಿಕೊಂಡಿದ್ದೇನೆ.

ಕಾಂಕಾರ್ಡಿಯಾ ಎಂಬ ಇನ್ನೊಂದು ಹಾಯಿ ಹಡಗಿನದ್ದು ಬೇರೆ ಥರ. 2010ರ ಫೆಬ್ರುವರಿ, ಬ್ರೆಜಿಲ್ ತೀರದಿಂದ ದೂರದಲ್ಲಿ. ನಿನ್ನಂಥದೇ ಮಕ್ಕಳು ಓದುತ್ತಾ ಹಡಗು ನಡೆಸುತ್ತಿದ್ದರು. ಬಿರುಗಾಳಿಗೆ ಹಡಗು ಮಗುಚಿ ಮುಳುಗಿತು. ಸುಮಾರು 40 ಗಂಟೆ ಲೈಫ್ ರಾಫ್ಟ್‌ಗಳಲ್ಲಿ ಕಳೆದರು. ಆದರೆ 64 ಜನರಲ್ಲಿ ಒಬ್ಬರೂ ಸಾಯಲಿಲ್ಲ. ವ್ಯಾಪಾರಿ ಹಡಗುಗಳು ಬಂದು ಎತ್ತಿಕೊಂಡವು. ತನಿಖೆಯಲ್ಲಿ ಹೊರಬಂದದ್ದೇನು ಗೊತ್ತಾ? ಗಾಳಿ ತೀರಾ ಅಸಾಧಾರಣವೇನೂ ಆಗಿರಲಿಲ್ಲ. ಹಾಯಿಯನ್ನು ಹೊತ್ತಿಗೆ ಸರಿಯಾಗಿ ಇಳಿಸಿರಲಿಲ್ಲ, ಬಾಗಿಲುಗಳು ತೆರೆದಿದ್ದವು. ಹಾಗಾಗಿ ಅಲ್ಲಿ ಬಾಗಿಲು ಮುಚ್ಚು ಅಂದರೆ ಮುಚ್ಚು. ‘ಆಮೇಲೆ ಮಾಡ್ತೀನಿ’ ಎಂಬ ನಿನ್ನ ಮಾತು ಅಲ್ಲಿ ನಡೆಯುವುದಿಲ್ಲ. ಅಭ್ಯಾಸಕ್ಕೆಂದು ಮಾಡಿಸುವ ಡ್ರಿಲ್‌ಗಳಲ್ಲಿ ಹರಟೆ ಹೊಡೆಯಬೇಡ. ಆ ಮಕ್ಕಳು ಉಳಿದದ್ದು ಡ್ರಿಲ್ ಮಾಡಿದ್ದರಿಂದ ಎಂದು ನಾನು ನಂಬಿದ್ದೇನೆ.

ನಿನ್ನ ಗೋಡೆಯ ಮೇಲಿನ ತಾರಿಣಿ ಹಾಯಿದೋಣಿಯ ಚಿತ್ರವನ್ನು ತೆಗೆದಿಲ್ಲ. ಆರು ಜನ ಹೆಣ್ಣುಮಕ್ಕಳು ಅದರಲ್ಲಿ 2017ರಲ್ಲಿ ಹೊರಟು ಪ್ರಪಂಚ ಸುತ್ತಿ 2018ರ ಮೇನಲ್ಲಿ ಬಂದದ್ದು ನನಗೂ ಹೆಮ್ಮೆಯೇ. ಆದರೆ ಅವರು ನೌಕಾಪಡೆಯ ಅಧಿಕಾರಿಗಳು, ಹೊರಡುವ ಮೊದಲು ವರ್ಷಗಟ್ಟಲೆ ಕಲಿತವರು. ನೀನು ಕುರ್ಚಿಯ ಕಾಲಿಗೆ ಬೋಲೈನ್ ಗಂಟು ಹಾಕಿ ಕಲಿತವಳು. ಗಂಟೇನೋ ಗಟ್ಟಿಯಾಗಿದೆ. ಬಿಚ್ಚಿಲ್ಲ, ಹಾಗೇ ಇದೆ.

ಹತ್ತುವುದು ಕಡ್ಡಾಯವಲ್ಲ, ಇಷ್ಟವಿಲ್ಲದವರನ್ನು ಯಾರೂ ಬಲವಂತ ಮಾಡುವುದಿಲ್ಲ ಎಂದು ಆ ಒಪ್ಪಿಗೆಯ ಹಾಳೆಯಲ್ಲಿತ್ತು. ಆ ಸಾಲನ್ನು ನೋಡಿಯೇ ನಾನು ಸಹಿ ಹಾಕಿದ್ದು. ನೀನು ಹತ್ತದೆ ಇರುವವಳಲ್ಲ ಎಂದು ಆಗಲೂ ಗೊತ್ತಿತ್ತು. ಹತ್ತು. ಸುಸ್ತಾದ ದಿನ, ನಿದ್ದೆ ಇಲ್ಲದ ದಿನ, ‘ಇವತ್ತು ಬೇಡ’ ಅನ್ನಲು ಮಾತ್ರ ಕಲಿ. ಅವತ್ತು ಕೆಳಗೆ ನಿಂತು ಹಗ್ಗ ಎಳೆ, ಪಾತ್ರೆ ತೊಳಿ. ಅದೂ ಹಡಗಿನ ಕೆಲಸವೇ.

ಅವತ್ತು ನಾನು ಸ್ವರ ಏರಿಸಿದ್ದಕ್ಕೆ ಬೇಜಾರಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಿಲ್ಲ, ಅಷ್ಟು ಜೋರಾಗಿ ಆಡಬೇಕಿರಲಿಲ್ಲ ಅಷ್ಟೇ.

ಬಂದರಿನಿಂದ ಫೋನ್ ಮಾಡು. ‘ಚೆನ್ನಾಗಿದ್ದೀನಿ’ ಎಂಬ ಒಂದೇ ಮಾತು ಹೇಳಿ ಇಡಬೇಡ. ಎಷ್ಟು ಸಲ ವಾಂತಿಯಾಯಿತು, ಅಂಗೈ ಎಲ್ಲಿ ಕಿತ್ತಿದೆ, ಹತ್ತುವ ದಾರಿಗೆ ಸುರಕ್ಷತೆಯ ಹಗ್ಗ ಇದೆಯೋ ಇಲ್ಲವೋ, ಮೂರೂ ಹೇಳು. ಅಪ್ಪನ ಹತ್ತಿರವೂ ಮಾತಾಡು. ಅವರು ಏನೂ ಕೇಳುವುದಿಲ್ಲ, ಗಾಳಿ ಯಾವ ಕಡೆಯಿಂದ ಎಂದಷ್ಟೇ ಕೇಳುತ್ತಾರೆ. ಸ್ವಲ್ಪ ವಿವರವಾಗಿ ಹೇಳು.

ನಿನ್ನ
ಅಮ್ಮ