ನಮ್ಮ ಮೂವರು ಸಿಸ್ಟರ್‌ಗಳನ್ನು ಓದಿಸೋಣ, ಕೈಲಾದಷ್ಟು ಕೊಡಿ

ಹುಟ್ಟಿದ ಮಗು ಅಳಲಿಲ್ಲ ಅಂದರೆ ಸಿಸ್ಟರ್ ಕೈಯಲ್ಲಿ ಇರುವುದು ಒಂದೇ ನಿಮಿಷ. ಅಷ್ಟರೊಳಗೆ ಮೈ ಒರೆಸಿ, ಬೆನ್ನು ಉಜ್ಜಿ, ಆಗಲೂ ಉಸಿರಾಡದಿದ್ದರೆ ಅಂಬು ಬ್ಯಾಗ್, ಅಂದರೆ ಕೈಯಲ್ಲಿ ಒತ್ತುವ ಗಾಳಿಚೀಲ, ಹಿಡಿದು ಗಾಳಿ ಕೊಡಲು ಶುರು ಮಾಡಬೇಕು. ನನ್ನ ತಂಗಿಯ ಮಗು ನೀಲಿಗಟ್ಟಿ ಹುಟ್ಟಿದಾಗ ಅಲ್ಲಿದ್ದ ಹೊಸ ಹುಡುಗಿಗೆ ಕೈ ನಡುಗಿತಂತೆ. ಪಕ್ಕದ ಟೇಬಲ್‌ನಲ್ಲಿದ್ದ ಹಿರಿಯ ಸಿಸ್ಟರ್ ಬಂದು ಬ್ಯಾಗ್ ತೆಗೆದುಕೊಂಡರು, ಮಗು ಅತ್ತಿತು. ಆ ಹೊಸ ಹುಡುಗಿಯನ್ನು ನಾನು ಬೈಯಲಾರೆ. ಅವಳಿಗೆ ಕೈ ಹಿಡಿದು ಕಲಿಸಿದವರು ಇರಲಿಲ್ಲ ಅಷ್ಟೇ.

ಅದಕ್ಕೇ ಈ ಮನವಿ. ಜಗಳೂರು ತಾಲ್ಲೂಕಿನ ಮೂವರು ಹೆಣ್ಣುಮಕ್ಕಳು ನಮ್ಮ ಟ್ರಸ್ಟ್ ನೆರವಿನಿಂದ ಬಿಎಸ್ಸಿ ನರ್ಸಿಂಗ್ ಮುಗಿಸಿ, ದಾವಣಗೆರೆಯಲ್ಲಿ ಹೆರಿಗೆ ವಾರ್ಡ್, ಮಕ್ಕಳ ವಾರ್ಡ್‌ಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಎಂಎಸ್ಸಿಗೆ ಬೇಕಾದ ಒಂದು ವರ್ಷದ ಅನುಭವವೂ ಆಗಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುವ ಇಲ್ಲಿನ ಕಾಲೇಜಿನಲ್ಲೇ ಇಬ್ಬರು ಹೆರಿಗೆ ಮತ್ತು ಸ್ತ್ರೀರೋಗ ನರ್ಸಿಂಗ್, ಒಬ್ಬಳು ಮಕ್ಕಳ ನರ್ಸಿಂಗ್ ಓದಬೇಕು ಅಂತಿದ್ದಾರೆ. ಎಳೆಕೂಸುಗಳ ಆರೈಕೆ ಬರುವುದು ಈ ಮಕ್ಕಳ ವಿಭಾಗದಲ್ಲೇ.

ಕೆಲಸ ಇದೆಯಲ್ಲ, ಮತ್ಯಾಕೆ ಓದು ಅಂತ ಊರಲ್ಲಿ ಸುಮಾರು ಜನ ಕೇಳಿದರು. ಬಿಎಸ್ಸಿಯ ನಾಲ್ಕು ವರ್ಷದಲ್ಲಿ ಎಲ್ಲ ವಾರ್ಡನ್ನೂ ಸುತ್ತಬೇಕು, ಬಾಣಂತಿಗೂ ಕೂಸಿಗೂ ಸಿಗುವುದು ಸ್ವಲ್ಪ ಸಮಯ. ಎಂಎಸ್ಸಿಯ ಎರಡು ವರ್ಷದಲ್ಲಿ ಹೆಚ್ಚಿನ ಸಮಯ ಆರಿಸಿಕೊಂಡ ವಿಭಾಗಕ್ಕೇ. ಹೆರಿಗೆಯಾಗಿ ನಗುತ್ತಾ ಮಾತಾಡುತ್ತಿರುವ ತಾಯಿಗೆ ಒಳಗೊಳಗೇ ರಕ್ತ ಹೋಗುತ್ತಿರಬಹುದು, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯೋ ಇಲ್ಲವೋ ಅಂತ ಹೇಳುವ ಕೈ ಬೇಕು. 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಕಟ್ಟಿ ಬೆಚ್ಚಗಿಡುವುದು, ಚೀಪಲು ಬಾರದಿದ್ದರೆ ತಾಯಿ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುವುದು. ಹೌದು, ನಮ್ಮ ಅಜ್ಜಿಯರ ಅದೇ ಒಳಲೆ, ಈಗಲೂ ಎಳೆಕೂಸುಗಳ ಘಟಕಗಳಲ್ಲಿ ಬಳಸುತ್ತಾರೆ, ನೋಡಿ ನನಗಂತೂ ತುಂಬಾ ಖುಷಿಯಾಯಿತು. ಮುಖ್ಯವಾಗಿ, ಎಂಎಸ್ಸಿ ಮಾಡಿದವರು ಬೇರೆಯವರಿಗೆ ಕಲಿಸಬಹುದು. ಆ ಕೈ ನಡುಗಿದ ಹುಡುಗಿಯ ಪಕ್ಕ ನಿಲ್ಲಬಹುದು, ಅಲ್ವಾ?

ಕಾಲೇಜು ಫೀಸಿಗೆ ಹೇಗೋ ಸಾಲ, ಸ್ಕಾಲರ್‌ಶಿಪ್ ಹೊಂದಿಸಿದ್ದೇವೆ. ಕಷ್ಟ ಇರುವುದು ಸಂಬಳದ್ದು. ಮೂವರೂ ಕೆಲಸ ಬಿಡಬೇಕು, ಮೂವರ ಮನೆಯೂ ಅವರ ಸಂಬಳದ ಮೇಲೇ ನಡೆಯುತ್ತಿದೆ. ಒಬ್ಬಳ ತಂದೆ, ಶೇಂಗಾ ಕೈಕೊಟ್ಟ ವರ್ಷ ಇದು, ಓದು ಸಾಕು, ಮದುವೆ ಮಾಡೋಣ ಅಂದುಬಿಟ್ಟಿದ್ದಾರೆ. ಒಬ್ಬೊಬ್ಬರಿಗೆ ತಿಂಗಳಿಗೆ 6,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದೇವೆ. ಒಟ್ಟು 4,32,000 ರೂಪಾಯಿ. ಅವರಿಂದ ಬಾಂಡ್ ಬರೆಸಿಕೊಳ್ಳುವುದಿಲ್ಲ. ಸಾಲದ ಹಾಗೆ ಕಟ್ಟಿಹಾಕಿ ಓದಿಸುವುದು ನಮಗೆ ಸರಿ ಕಾಣಲಿಲ್ಲ.

500 ಕೊಟ್ಟರೂ ಸರಿ, ಒಂದು ತಿಂಗಳ ಪೂರ್ತಿ ಹೊಣೆ ಹೊತ್ತರೂ ಸರಿ, ರಸೀದಿ ಕೊಡುತ್ತೇವೆ. ಈ ಮನವಿ ನಿಮಗೆ ತಲುಪಿಸಿದವರನ್ನೇ ಖಾತೆ ವಿವರ ಕೇಳಿ. ದುಡ್ಡು ಆಗದಿದ್ದರೆ, ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಮೂವರಿಗೆ ಆಗುವ ಕಡಿಮೆ ಬಾಡಿಗೆಯ ರೂಮ್ ಇದ್ದರೆ ದಯವಿಟ್ಟು ಹೇಳಿ, ಓದಿನ ಭಾಗವಾದ ಆಸ್ಪತ್ರೆ ಪಾಳಿ ಮುಗಿಸಿ ನಡೆದುಕೊಂಡು ಬರುವಷ್ಟು ಹತ್ತಿರ ಇದ್ದರೆ ಸಾಕು.