ಕಾಲುವೆ ಕರೆಂಟ್ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಕಾಲುವೆ ನೀರು ಇಳಿಯುವ ಕಡೆ ಘಟಕ ಕಟ್ಟಿ ಕರೆಂಟ್ ತೆಗೆಯುವ ವಿಚಾರ ಇದು. "ಕರೆಂಟ್ ತೆಗೆದ ನೀರಲ್ಲಿ ಸತ್ವ ಇರಲ್ಲ, ಬೆಳೆ ಬರಲ್ಲ" ಅನ್ನುವ ಮೆಸೇಜನ್ನು ದಯವಿಟ್ಟು ಸುಮ್ನೆ ಫಾರ್ವರ್ಡ್ ಮಾಡಬೇಡಿ. ನೀರು ಬೀಳುವ ರಭಸಕ್ಕೆ ಟರ್ಬೈನ್ ತಿರುಗುತ್ತದೆ ಅಷ್ಟೇ, ಅದೇ ನೀರು ಮುಂದೆ ಕಾಲುವೆಗೇ ಹೋಗುತ್ತದೆ. ತುಂಗಭದ್ರಾ ಅಣೆಕಟ್ಟಿನ ಹತ್ತಿರದ ಮುನಿರಾಬಾದಿನಲ್ಲಿ ಕರೆಂಟ್ ತೆಗೆದ ನೀರಲ್ಲೇ ಅಲ್ವಾ ನಮ್ಮ ಕೊಪ್ಪಳದವರು ಭತ್ತ ಬೆಳೆದಿದ್ದು!

25 ಮೆಗಾವ್ಯಾಟ್‌ವರೆಗಿನ ಘಟಕ ನಮ್ಮ ದೇಶದ ಲೆಕ್ಕದಲ್ಲಿ ಸಣ್ಣ ಜಲವಿದ್ಯುತ್. ಕಾಲುವೆ ಇಳಿಯುವ ಕಡೆ ಕಟ್ಟಿದರೆ ಹೊಸ ಅಣೆಕಟ್ಟು ಬೇಡ, ಊರು ಮುಳುಗುವುದಿಲ್ಲ. ನದಿಗೇ ಅಡ್ಡ ಕಟ್ಟಿದರೆ ಮಾತು ಬೇರೆ, ಅಲ್ಲಿ ಮೀನಿಗೆ ದಾರಿ ಬಿಡಬೇಕು, ಬೇಸಿಗೆಯಲ್ಲೂ ಒಂದಷ್ಟು ನೀರು ಹರಿಯಬೇಕು. ಕಾಲುವೆ ಬಂದ್ ಆದರೆ ಕರೆಂಟೂ ಬಂದ್, ಅದನ್ನೇನೂ ಮುಚ್ಚಿಡುವುದು ಬೇಡ. ಕೊನೆ ಭಾಗದ ರೈತರ ನೀರಿನ ಪಾಳಿ ತಪ್ಪುವುದಿಲ್ಲ ಅಂತ ಘಟಕ ಕಟ್ಟುವವರು ಮೊದಲು ಬರೆದು ಕೊಡಲಿ. ಗ್ರಾಮಸಭೆಯಲ್ಲಿ ಇದನ್ನೇ ಕೇಳೋಣ, ತಪ್ಪದೆ ಬನ್ನಿ.